ನಾನು ನಿಮ್ಮ ಡಾಕ್ಟರ್ ಅಲ್ಲ

ನಾನು ನಿವೃತ್ತಳಾದ ಮೇಲೆ ಗವಿಪುರದ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಯಾರಾದರೊಬ್ಬರು ಕಿರಿಯ ಡಾಕ್ಟರು ಬರುವುದು ರೂಢಿಯಾಗಿದೆ. ಮನೋವೈದ್ಯಶಾಸ್ತ್ರದಲ್ಲಿ ರೆಸಿಡೆನ್ಸಿ ಎಂಬ ಸ್ನಾತಕೋತ್ತರ ತರಬೇತಿ ಮುಗಿಸಿದವರು, ಇಲ್ಲವೇ ಮುಗಿಸುವ ಹಂತದಲ್ಲಿರುವವರು. ಫೊರೆನ್ಸಿಕ್ ಸೈಕಿಯಾಟ್ರಿ ಫೆಲೋಶಿಪ್‌ಗೆ ಅರ್ಜಿ ಹಾಕಬೇಕೆಂದಿರುತ್ತಾರೆ. ಅಂದರೆ ಆಸ್ಪತ್ರೆ, ಜೈಲು, ಕೋರ್ಟು ಈ ಮೂರರ ನಡುವೆ ಓಡಾಡುವ ಮನೋವೈದ್ಯರಾಗಲು ಪಡೆಯುವ ತರಬೇತಿ. ಕೆಲಸ ಮಾಡುತ್ತಿದ್ದಷ್ಟು ಕಾಲ ನಾನು ಮಾಡಿದ್ದು ಅದನ್ನೇ.

ಹೋದ ತಿಂಗಳು ಬಂದ ಹುಡುಗನ ಹೆಸರು ಚೇತನ್. ಕಾಫಿ ಲೋಟ ಕೆಳಗಿಡುವ ಮೊದಲೇ ಮೊಬೈಲ್ ತೆಗೆದು ತನ್ನ ಅರ್ಜಿಯ ಮೊದಲ ಸಾಲನ್ನು ಓದಿದ. ಚಿಕ್ಕಂದಿನಿಂದಲೂ ಅವನಿಗೆ ಅಪರಾಧಿಗಳ ಮನಸ್ಸಿನ ಬಗ್ಗೆ ಕುತೂಹಲವಂತೆ.

"ಅದನ್ನ ತೆಗೆದ್ಬಿಡಪ್ಪ" ಎಂದೆ.

"ಯಾಕೆ ಮೇಡಂ? ನಿಜವಾಗ್ಲೂ ಕುತೂಹಲ ಇದೆ."

"ಎಲ್ರಿಗೂ ಇರುತ್ತೆ. ಟಿ.ವಿ. ನೋಡೋರಿಗೂ ಇರುತ್ತೆ. ನೀನು ನೋಡೋ ಜನರಲ್ಲಿ ಬಹುಪಾಲು ಅಪರಾಧಿಗಳಲ್ಲ. ಆರೋಪಿಗಳು, ಅಪ್ಪನ ಹತ್ರ ಉಯಿಲು ಬರೆಸ್ಕೊಂಡೋರು, ಮಗು ಯಾರ ಹತ್ರ ಇರ್ಬೇಕು ಅಂತ ಜಗಳ ಆಡೋ ಗಂಡ ಹೆಂಡ್ತಿ. ಅವರಲ್ಲಿ ಯಾರಿಗೂ ನಿನ್ನ ಕುತೂಹಲ ಬೇಕಾಗಿರಲ್ಲ."

ಅವನು ಅಳಿಸಿದ. ಆಮೇಲೆ ಖಾಲಿ ಪರದೆ ನೋಡುತ್ತ ಕುಳಿತ. ಮತ್ತೇನು ಬರೆಯಬೇಕೆಂದು ಹೇಳಿಕೊಡಲು ನನಗೂ ಬರುವುದಿಲ್ಲ. ಕೆಲಸ ಹೇಗಿತ್ತು ಎಂಬುದನ್ನು ಹೇಳಬಲ್ಲೆ. ಅವನಿಗೆ ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಸಾವಕಾಶವಾಗಿ ಬರೆಯುತ್ತಿದ್ದೇನೆ. ಪ್ರಕರಣಗಳಲ್ಲಿ ಬರುವವರ ಹೆಸರು, ಗುರುತುಗಳನ್ನು ಬದಲಿಸಿದ್ದೇನೆ.

ನಾನು ಅರ್ಜಿ ಹಾಕಿದಾಗ ಅದಕ್ಕೆ ಫೆಲೋಶಿಪ್ ಎಂಬ ಹೆಸರಿರಲಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಶ್ರೀಪತಿ ರಾಯರೆಂಬ ಪ್ರೊಫೆಸರರು ಕೋರ್ಟಿನ ಪ್ರಕರಣಗಳನ್ನು ನೋಡುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿಯಲು ಒಬ್ಬರಿಗೆ ಮಾತ್ರ ಅವಕಾಶವಿತ್ತು. ಜೊತೆಯವರು ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಕ್ಲಿನಿಕ್ ತೆರೆಯುವ ಲೆಕ್ಕ ಅವರದು. ನಾನು ಯಾಕೆ ಹಾಕಿದೆ ಎಂದರೆ, ರೆಸಿಡೆನ್ಸಿಯಲ್ಲಿದ್ದಾಗ ರಾಯರು ಬರೆದ ಒಂದು ವರದಿಯನ್ನು ಓದಿದ್ದೆ. ಅದರಲ್ಲಿ ಮೂರು ಕಡೆ 'ಇದು ನನಗೆ ತಿಳಿಯಲಿಲ್ಲ' ಎಂದಿತ್ತು. ದೊಡ್ಡ ಡಾಕ್ಟರೊಬ್ಬರು ಸಹಿ ಹಾಕಿ ಹಾಗೆ ಬರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಹೇಳಿದಾಗ ಅವಳು ಹುರುಳಿಕಾಯಿ ಸೋಸುತ್ತಿದ್ದಳು. "ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲಿ? ನಮ್ಮ ಲಲಿತ ದಿನಾ ಜೈಲಿಗೆ ಹೋಗಿಬರ್ತಾಳೆ ಅಂತ್ಲಾ?" ಎಂದಳು. ಕೊನೆಯವರೆಗೂ ನೆಂಟರ ಬಳಿ ನನ್ನನ್ನು ನರಗಳ ಡಾಕ್ಟರೆಂದೇ ಪರಿಚಯಿಸಿದಳು.

ಸಂದರ್ಶನಕ್ಕೆ ರಾಯರು ಒಬ್ಬರೇ ಕೂತಿದ್ದರು. ನನ್ನ ಅಂಕಪಟ್ಟಿಯನ್ನು ಮಡಚಿ ಬದಿಗಿಟ್ಟರು.

"ನಾನು ಆರೋಪಿ ಅಂದ್ಕೋ. ಪೊಲೀಸ್ನೋರು ಕರ್ಕೊಂಡು ಬಂದಿದ್ದಾರೆ. ಕೋರ್ಟು ನಿನ್ನಿಂದ ವರದಿ ಕೇಳಿದೆ. ಮಾತಾಡ್ಸು ನನ್ನ."

ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. "ನಮಸ್ಕಾರ. ನಾನು ಡಾಕ್ಟರ್ ಲಲಿತ. ನಿಮಗೆ ಸಹಾಯ ಮಾಡೋಕೆ ಬಂದಿದ್ದೀನಿ."

"ಸುಳ್ಳು" ಎಂದರು ರಾಯರು.

ನಾನು ತಬ್ಬಿಬ್ಬಾದೆ.

"ಸಹಾಯ ಮಾಡೋಕೆ ಬಂದಿಲ್ಲ ನೀನು. ನಿನ್ನ ವರದಿಯಿಂದ ಅವನಿಗೆ ಶಿಕ್ಷೆ ಆಗ್ಬಹುದು. ಮತ್ತೆ ಹೇಳು."

"ನಾನು ನಿಮ್ಮ ತೊಂದರೆ ತಿಳ್ಕೊಳ್ಳೋಕೆ ಬಂದಿದ್ದೀನಿ."

"ಅರ್ಧ ಸುಳ್ಳು. ತಿಳ್ಕೊಂಡು ಏನ್ ಮಾಡ್ತೀಯ? ಯಾರಿಗೆ ಹೇಳ್ತೀಯ?"

ಹೀಗೆ ಹೇಳಿಸಿ, ತಿದ್ದಿಸಿ, ಕಡೆಗೆ ಅವರು ಒಪ್ಪಿದ ಮಾತು ಇದು: "ನಾನು ಡಾಕ್ಟರು, ಆದ್ರೆ ನಿಮ್ಮ ಡಾಕ್ಟರ್ ಅಲ್ಲ. ಕೋರ್ಟು ಕಳಿಸಿದ್ದಕ್ಕೆ ಬಂದಿದ್ದೀನಿ. ನೀವು ಹೇಳಿದ್ದನ್ನ ನಾನು ಗುಟ್ಟಾಗಿ ಇಡೋಕಾಗಲ್ಲ, ಬರೀತೀನಿ. ಅದರಿಂದ ನಿಮಗೆ ಒಳ್ಳೇದಾಗ್ಬಹುದು, ಕೆಟ್ಟದ್ದೂ ಆಗ್ಬಹುದು. ಹೇಳೋಕೆ ಇಷ್ಟ ಇಲ್ದಿದ್ರೆ ಹೇಳ್ಬೇಡಿ."

"ಹೀಗಂದ್ರೆ ಯಾರು ಸರ್ ಬಾಯಿ ಬಿಡ್ತಾರೆ?" ಎಂದು ಕೇಳಿದೆ.

"ಬಿಡ್ತಾರೆ. ಅದೇ ಆಶ್ಚರ್ಯ" ಎಂದು ಅವರು ಎದ್ದು ನಿಂತರು. ಸೋಮವಾರದಿಂದ ಬಾ ಎಂದರು.

ರಾಯರು ಬಹಳ ಓದಿದವರು. ಅದೇ ಅವರಿಗೆ ಒಮ್ಮೊಮ್ಮೆ ಕುತ್ತಾಗುತ್ತಿತ್ತು. ನಾನು ಸೇರಿದ ಹೊಸತರಲ್ಲಿ ಒಂದು ಕಳ್ಳತನದ ಪ್ರಕರಣದಲ್ಲಿ ಅವರು ಸಾಕ್ಷಿ ಹೇಳಲು ಹೋದರು. ಆರೋಪಿಗೆ ಮಿದುಳಿಗೆ ಪೆಟ್ಟು ಬಿದ್ದು ನೆನಪು ಕೆಟ್ಟಿತ್ತು. ರಾಯರು ನೆನಪು ಎಂದರೇನು ಎಂಬಲ್ಲಿಂದ ಶುರು ಮಾಡಿದರು. ಜರ್ಮನಿಯ ಪಂಡಿತರು ಬಂದರು, ಫ್ರಾನ್ಸಿನವರು ಬಂದರು. ಟೈಪಿಸ್ಟ್ ಬೆರಳು ಎತ್ತಿಬಿಟ್ಟಿದ್ದ. ನ್ಯಾಯಾಧೀಶರು ತಾಳ್ಮೆಯಿಂದ ಕೇಳಿ, "ಡಾಕ್ಟ್ರೇ, ಇಷ್ಟೊತ್ತು ಹೇಳಿದ್ರಲ್ಲ, ಇದು ಇವನ ಪರವಾಗೋ, ವಿರುದ್ಧವಾಗೋ?" ಎಂದರು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಆರೋಪಿಯೂ ನಕ್ಕ.

ಆ ಮಧ್ಯಾಹ್ನ ಗಾಂಧಿಬಜಾರಿನಲ್ಲಿ ಮಸಾಲೆ ದೋಸೆ ತಿನ್ನುತ್ತ ರಾಯರು, "ಇವತ್ತು ನಾನು ಸಾಕ್ಷಿ ಹೇಳ್ಲಿಲ್ಲಮ್ಮ, ಪಾಠ ಮಾಡ್ದೆ" ಎಂದರು. ಅಂದಿನಿಂದ ನಮಗೊಂದು ನಿಯಮವಾಯಿತು. ವರದಿಯ ಕೊನೆಯ ಪುಟವನ್ನು ವೈದ್ಯಕೀಯ ಓದದವರಿಗೆ ಓದಿ ಹೇಳಬೇಕು. ನಾನು ಅಮ್ಮನಿಗೆ, ಹೆಸರು ಊರು ತೆಗೆದು, ಓದುತ್ತಿದ್ದೆ. ಅವಳು "ಅಂದ್ರೆ?" ಎಂದ ಕಡೆಯೆಲ್ಲ ಮತ್ತೆ ಬರೆಯುತ್ತಿದ್ದೆ.

ಕೆಲಸದ ರೀತಿ ಹೇಗೆ ಬದಲಾಯಿತು ಎಂಬುದಕ್ಕೆ ಮಾಮೂಲ್‌ಪೇಟೆಯ ರಂಗಯ್ಯ ಶೆಟ್ಟರ ಪ್ರಕರಣ ಒಳ್ಳೆಯ ಉದಾಹರಣೆ. ಬಳೆ, ದಾರ, ಗುಂಡಿಗಳ ಅಂಗಡಿ ಅವರದು. ವಯಸ್ಸಾದ ಮೇಲೆ ಅಂಗಡಿಯನ್ನು ಮಗಳ ಹೆಸರಿಗೆ ಬರೆಯಲು ಹೊರಟರು. ಅಪ್ಪನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಗಂಡುಮಕ್ಕಳು ಕೋರ್ಟಿಗೆ ಹೋದರು. ಆಗ ಇಂಥವರನ್ನು ಪರೀಕ್ಷಿಸಲು ಸಿದ್ಧ ಪ್ರಶ್ನೆಗಳಿದ್ದವು. ಇವತ್ತು ಯಾವ ವಾರ? ಪ್ರಧಾನಮಂತ್ರಿ ಯಾರು? ನೂರರಿಂದ ಏಳೇಳು ಕಳೆಯುತ್ತ ಬನ್ನಿ.

ಶೆಟ್ಟರು ವಾರ ತಪ್ಪು ಹೇಳಿದರು. ಪ್ರಧಾನಮಂತ್ರಿಯ ಪ್ರಶ್ನೆಗೆ, "ಯಾರಾದ್ರೆ ನನಗೇನಮ್ಮ? ನನ್ನ ಅಂಗಡಿಗೆ ಬಳೆ ತಗೊಳ್ಳೋಕೆ ಬರ್ತಾರಾ?" ಎಂದರು. ಹಳೆಯ ಲೆಕ್ಕದಲ್ಲಿ ಅವರು ನಪಾಸು. ಆದರೆ ಕೋರ್ಟು ಕೇಳಿದ್ದು ಅವರಿಗೆ ವಾರ ಗೊತ್ತೇ ಎಂದಲ್ಲ. ಅಂಗಡಿ ಬರೆದುಕೊಡುವುದು ಎಂದರೇನು ಎಂದು ಗೊತ್ತೇ ಎಂಬುದು. ಹಾಗಾಗಿ ಅದನ್ನೇ ಕೇಳಿದೆ.

"ಮಗಳ ಹೆಸರಿಗೆ ಮಾಡಿದ್ರೆ ಗಂಡುಮಕ್ಕಳಿಗೆ ಬೇಜಾರಾಗಲ್ವಾ?"

"ಆಗುತ್ತೆ. ನನ್ನ ಹೆಣ ಎತ್ತೋಕೂ ಬರ್ದೇ ಇರ್ಬಹುದು. ಹುಡುಗರು ಕೆಟ್ಟೋರಲ್ಲ ತಾಯಿ. ಅವರಿಗೆ ಜಾಗ ಬೇಕು, ಅಂಗಡಿ ಬೇಡ. ಅವಳಿಗೆ ಅಂಗಡಿ ಬೇಕು."

ಇದಕ್ಕಿಂತ ಸ್ಪಷ್ಟವಾಗಿ ನಾನು ಏನನ್ನೂ ಬರೆಯಬೇಕಾಗಿರಲಿಲ್ಲ. ಅವರ ಮಾತನ್ನೇ ವರದಿಯಲ್ಲಿ ಹಾಕಿದೆ. ನೆನಪು ಕುಗ್ಗಿದೆ, ಈ ಒಂದು ನಿರ್ಧಾರಕ್ಕೆ ಬೇಕಾದ ತಿಳಿವಳಿಕೆ ಇದೆ ಎಂದೆ. ಈಗ ಪಠ್ಯಗಳೂ ಇದನ್ನೇ ಹೇಳುತ್ತವೆ. ಆಗ ಎದುರು ಪಕ್ಷದ ವಕೀಲರು ನನ್ನನ್ನು ಚೆನ್ನಾಗಿ ರುಬ್ಬಿದರು.

ಮುಂದೆ ತರಬೇತಿಗೆ ಫೆಲೋಶಿಪ್ ಎಂಬ ಹೆಸರು ಬಂತು, ಅರ್ಜಿಗಳೂ ಹೆಚ್ಚಿದವು. ಆಯ್ಕೆ ಸಮಿತಿಯಲ್ಲಿ ನಾನೂ ಹಲವು ಸಲ ಕುಳಿತೆ. ನ್ಯಾಯಕ್ಕಾಗಿ ಹೋರಾಡುವೆ ಎನ್ನುವವರು ಬರುತ್ತಿದ್ದರು. ಸುಳ್ಳು ಹೇಳುವವರನ್ನು ಮುಖ ನೋಡಿಯೇ ಕಂಡುಹಿಡಿಯಬಲ್ಲೆ ಎನ್ನುವವರೂ ಬರುತ್ತಿದ್ದರು. ಇವರ ಬಗ್ಗೆ ನನಗೆ ಸ್ವಲ್ಪ ಭಯ. ಒಂದು ವರ್ಷ ಹಾಸನದ ಕಡೆಯ ಹುಡುಗಿಯೊಬ್ಬಳು ಬಂದಳು. ಅಂಕಗಳು ಸಾಧಾರಣ. ಯಾಕಮ್ಮ ಇಲ್ಲಿಗೆ ಎಂದು ಕೇಳಿದೆವು. "ವಾರ್ಡಲ್ಲಿ ಪೇಷಂಟ್ಸ್ ಎಲ್ಲ ನನ್ನನ್ನ ಇಷ್ಟಪಡ್ತಾರೆ ಮೇಡಂ. ನನಗೂ ಅದು ಅಭ್ಯಾಸ ಆಗ್ಬಿಟ್ಟಿದೆ. ಯಾರೂ ಇಷ್ಟಪಡ್ದೇ ಇರೋ ಕಡೆ ನಾನು ಸರಿಯಾಗಿ ಕೆಲಸ ಮಾಡ್ತೀನಾ ಅಂತ ನೋಡ್ಬೇಕು" ಎಂದಳು. ಅವಳನ್ನೇ ತೆಗೆದುಕೊಂಡೆವು.

ಇಷ್ಟು ಕೇಳಿದ ಮೇಲೆ ಚೇತನ್, "ನಿಮಗೆ ತುಂಬಾ ಕಷ್ಟ ಆಗಿದ್ದು ಯಾವ ಕೇಸು ಮೇಡಂ?" ಎಂದ. ಎಲ್ಲರೂ ಕೇಳುವ ಪ್ರಶ್ನೆ. ನನ್ನ ಉತ್ತರವೂ ಪ್ರತಿ ಸಲ ಒಂದೇ, ನರಸಿಂಹಮೂರ್ತಿ ಮೇಷ್ಟ್ರು.

ಅವರು ಬಸವನಗುಡಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಸ್ವಂತ ಮನೆ. ಮಹಡಿಯ ಮೇಲೆ ಶೇಷಾದ್ರಿ ಎಂಬ ಬ್ಯಾಂಕ್ ಗುಮಾಸ್ತರು ಹೆಂಡತಿಯೊಂದಿಗೆ ಬಾಡಿಗೆಗಿದ್ದರು. ಒಂದು ಬೆಳಿಗ್ಗೆ ಶೇಷಾದ್ರಿ ಕೆಲಸಕ್ಕೆಂದು ಮೆಟ್ಟಿಲಿಳಿಯುತ್ತಿದ್ದಾಗ ಮೇಷ್ಟ್ರು ಒರಳಿನ ಗುಂಡುಕಲ್ಲಿನಿಂದ ಅವರ ತಲೆಗೆ ಹೊಡೆದರು. ಶೇಷಾದ್ರಿ ಅಲ್ಲೇ ಸತ್ತರು. ಮೇಷ್ಟ್ರು ಕೈ ತೊಳೆದುಕೊಂಡು ಜಗಲಿಯ ಮೇಲೆ ಕುಳಿತು ಪೊಲೀಸರಿಗಾಗಿ ಕಾದರು.

ಅವರಿಗೆ ಕೊಟ್ಟಿದ್ದ ಉಚಿತ ಕಾನೂನು ನೆರವಿನ ವಕೀಲನಿಗೆ ಏನೋ ಅನುಮಾನ ಬಂದು ಕೋರ್ಟಿಗೆ ಕೇಳಿಕೊಂಡ. ಮೇಷ್ಟ್ರನ್ನು ನಮ್ಮ ವಾರ್ಡಿಗೆ ಕಳಿಸಿದರು. ಬಾಗಿಲಲ್ಲಿ ಪೊಲೀಸ್ ಕಾವಲು. ನಾನು ರಾಯರು ಕಲಿಸಿದ ಮಾತು ಹೇಳಿದೆ. ಮೇಷ್ಟ್ರು ಗಮನವಿಟ್ಟು ಕೇಳಿ, "ತುಂಬಾ ಸ್ಪಷ್ಟವಾಗಿ ಹೇಳಿದ್ರಿ" ಎಂದು ಮೆಚ್ಚಿಕೊಂಡರು. ಆಮೇಲೆ ನಡೆದದ್ದನ್ನು ಹೇಳಿದರು. ನೀರಿನ ಮೋಟಾರಿನ ವಿಷಯಕ್ಕೆ ಶೇಷಾದ್ರಿ ದಿನವೂ ಜಗಳ ತೆಗೆಯುತ್ತಿದ್ದ, ಸಿಟ್ಟು ಬಂತು, ಹೊಡೆದೆ. ಮರುದಿನ ಕೇಳಿದರೂ ಅದೇ, ಆ ವಾರ ಪೂರ್ತಿ ಅದೇ. ಒಂದು ಪದ ಆಚೀಚೆಯಾಗುತ್ತಿರಲಿಲ್ಲ. ಮೇಷ್ಟ್ರ ಹೆಂಡತಿಯೂ ಅದನ್ನೇ ಹೇಳಿದರು. ಬೀದಿಯವರೂ ಅದನ್ನೇ ನಂಬಿದ್ದರು.

ಮೇಷ್ಟ್ರಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಊಟ, ಮಾತು, ನಡತೆ ಎಲ್ಲ ಸರಿ. ನನ್ನ ವರದಿ ಹೆಚ್ಚು ಕಡಿಮೆ ಮುಗಿದಿತ್ತು. ಒಂದು ಬೆಳಿಗ್ಗೆ ಹಾದುಹೋಗುತ್ತ ಲೋಕಾಭಿರಾಮವಾಗಿ, "ಮೇಷ್ಟ್ರೇ, ಇಲ್ಲಿ ನಿದ್ದೆ ಬರುತ್ತಾ?" ಎಂದು ಕೇಳಿದೆ.

"ಚೆನ್ನಾಗಿ ಬರುತ್ತೆ. ಇಲ್ಲಿ ಮೇಲ್ಗಡೆ ಮಹಡಿ ಇಲ್ವಲ್ಲ" ಎಂದರು.

ಹೇಳಿದವರೇ ಬಾಯಿ ಮುಚ್ಚಿಕೊಂಡರು. ನಾನು ಅಲ್ಲೇ ಕುಳಿತೆ.

"ಹೇಳ್ತೀನಿ. ಆದ್ರೆ ನೀವು ಬರೀಬಾರ್ದು" ಎಂದರು.

"ಬರೀತೀನಿ ಮೇಷ್ಟ್ರೇ. ಯೋಚ್ನೆ ಮಾಡಿ ಹೇಳಿ."

ಅವರು ಯೋಚಿಸಿದರು. ಆಮೇಲೂ ಹೇಳಿದರು. ಎರಡು ವರ್ಷದಿಂದ ಶೇಷಾದ್ರಿ ಬಚ್ಚಲಿನ ಕೊಳವೆಯ ಮೂಲಕ ಒಂದು ಬಗೆಯ ಅನಿಲ ಬಿಡುತ್ತಿದ್ದನಂತೆ. ಕರ್ಪೂರದಂಥ ವಾಸನೆ. ಅದು ತಲೆಗೆ ಹತ್ತಿ ತಮಗೆ ಗಣಿತ ಮರೆಯಲಿ ಎಂಬುದು ಅವನ ಸಂಚು. ಮೇಷ್ಟ್ರು ಬಚ್ಚಲಿನ ಕಿಟಕಿಗೆ ಸಿಮೆಂಟ್ ಹಾಕಿಸಿದರು, ಕೊಳವೆಗೆ ಬಟ್ಟೆ ತುರುಕಿದರು. ಆ ದಿನ ಬೆಳಿಗ್ಗೆ ತರಗತಿಗೆ ಸಿದ್ಧವಾಗುವಾಗ ಒಂದು ಸುಲಭದ ಸೂತ್ರ ನೆನಪಿಗೆ ಬರಲಿಲ್ಲ. ಮೇಲೆ ಶೇಷಾದ್ರಿ ಬಾಗಿಲು ಹಾಕಿಕೊಂಡ ಸದ್ದಾಯಿತು.

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಹುಚ್ಚು ಅಂತೀರಿ. ನನಗೆ ಅಷ್ಟು ಗೊತ್ತಾಗಲ್ವಾ? ನನ್ನ ಮಗಳು ವಸುಧಂಗೆ ನಿಶ್ಚಿತಾರ್ಥ ಆಗಿದೆ ಮೇಡಂ. ಕೊಲೆಗಾರನ ಮಗಳು ಅಂದ್ರೆ ನಾಲ್ಕು ದಿನ ಆದ್ಮೇಲೆ ಜನ ಮರೀತಾರೆ. ಹುಚ್ಚನ ಮಗಳು ಅಂದ್ರೆ ಅವಳ ರಕ್ತದಲ್ಲೇ ಇದೆ ಅಂತಾರೆ. ನಿಮಗೆ ಕೈ ಮುಗೀತೀನಿ. ಕೊಲೆಗಾರ ಅಂತಲೇ ಬರೀರಿ."

ನಿಜವಾಗಿಯೂ ಕೈ ಮುಗಿದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು.

ಹಳೆಯ ವರದಿಯನ್ನು ಬದಿಗಿಟ್ಟು ಹೊಸದು ಬರೆದೆ. ಅದನ್ನು ಬರೆಯುವಾಗ ನನಗೆ ಸಂತೋಷವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಸಂಕಟ ಆಯಿತು. ಅದಕ್ಕೆ ವರದಿಯಲ್ಲಿ ಜಾಗವಿರಲಿಲ್ಲ.

ವಿಚಾರಣೆಯ ದಿನ ಕೋರ್ಟಿನ ಮೊಗಸಾಲೆಯಲ್ಲಿ ವಸುಧ ನನ್ನನ್ನು ಹುಡುಕಿಕೊಂಡು ಬಂದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. "ನಮ್ಮ ತಂದೆಗೆ ಏನಾಗಿದೆ ಮೇಡಂ?" ಎಂದು ಕೇಳಿದಳು. ಒಳಗೆ ಹೇಳುತ್ತೇನೆ, ಅಲ್ಲಿ ಕೇಳಿಸಿಕೋ, ಈಗ ಹೇಳುವಂತಿಲ್ಲ ಎಂದೆ. ಅವಳು ತಲೆಯಾಡಿಸಿದಳು. "ನೀರಿನ ಜಗಳ ಯಾವತ್ತೂ ಆಗೇ ಇಲ್ಲ. ಅಪ್ಪ ಬಚ್ಚಲುಮನೆ ಕಿಟಕಿ ಮುಚ್ಚಿಸ್ದಾಗ ನಾವ್ಯಾರೂ ಯಾಕೆ ಅಂತ ಕೇಳ್ಲಿಲ್ಲ. ಕೇಳೋಕೆ ಭಯ ಆಯ್ತು. ನಾನು ಸಾಕ್ಷಿ ಹೇಳ್ಬಹುದಾ?"

"ಅದನ್ನ ನಿಮ್ಮ ವಕೀಲರನ್ನ ಕೇಳಮ್ಮ. ನಾನು ಹೇಳೋ ಹಾಗಿಲ್ಲ."

ಅವಳು ವಕೀಲನ ಬಳಿ ಹೋದಳು. ನನ್ನ ಸಾಕ್ಷಿಯ ಸಮಯದಲ್ಲಿ ಮೇಷ್ಟ್ರು ಕಟಕಟೆಯಿಂದಲೇ, "ಮೇಡಂ ತಪ್ಪು ತಿಳ್ಕೊಂಡಿದ್ದಾರೆ ಸ್ವಾಮಿ, ನಾನು ಸರಿಯಾಗೇ ಇದ್ದೀನಿ" ಎಂದು ಕೂಗಿದರು. ಸರ್ಕಾರಿ ವಕೀಲರಂತೂ, ಗಣಿತ ಕಲಿಸುವ ಮನುಷ್ಯ ಹುಚ್ಚನಾಗಿರಲು ಹೇಗೆ ಸಾಧ್ಯ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದರು. ಒಂದು ಭ್ರಮೆ ಮನುಷ್ಯನ ತಲೆಯಲ್ಲಿ ಒಂದೇ ಕೋಣೆ ಹಿಡಿದು ಕೂತಿರಬಹುದು, ಉಳಿದ ಮನೆಯಲ್ಲಿ ದೀಪ ಉರಿಯುತ್ತಲೇ ಇರಬಹುದು ಎಂದೆ. ಆಮೇಲಿನ ತಾರೀಖಿಗೆ ವಸುಧ ಸಾಕ್ಷಿ ಹೇಳಿದಳು. ಅಪ್ಪನ ಮುಖ ನೋಡದೆ, ಕಿಟಕಿಯ ವಿಷಯವನ್ನೂ ಬಟ್ಟೆಯ ವಿಷಯವನ್ನೂ ಹೇಳಿದಳು. ನಿಶ್ಚಿತಾರ್ಥ ಮುರಿಯಿತು ಎಂದು ವಕೀಲನಿಂದ ನನಗೆ ತಿಳಿಯಿತು.

ಶೇಷಾದ್ರಿಯವರ ಹೆಂಡತಿ ವಿಚಾರಣೆಗೆ ತಪ್ಪದೆ ಬರುತ್ತಿದ್ದರು. ನನ್ನ ಸಾಕ್ಷಿಯ ದಿನ ಮೆಟ್ಟಿಲ ಬಳಿ ತಡೆದು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ.

"ಹಾಗಾದ್ರೆ ನಮ್ಮೋರು ಏನೂ ಮಾಡಿರ್ಲಿಲ್ಲ ಅಲ್ವಾ?"

"ಏನೂ ಮಾಡಿರ್ಲಿಲ್ಲ."

"ಎಲ್ರೂ ಇವರೇ ಜಗಳಗಂಟರು ಅಂದ್ಕೊಂಡಿದ್ರು. ನಮ್ಮ ಅಣ್ಣನೂ ಹಾಗೇ ಅಂದ. ಅವರು ಯಾರ ಜೊತೆಗೂ ಗಟ್ಟಿಯಾಗಿ ಮಾತಾಡಿದೋರಲ್ಲ" ಎಂದು ಹೇಳಿ ಇಳಿದು ಹೋದರು.

ವರದಿಯಲ್ಲಿ ನಿಜ ಬರೆಯುವುದು ಆರೋಪಿಗೆ ಮಾತ್ರ ಸಂಬಂಧಿಸಿದ್ದು ಎಂದು ಅದುವರೆಗೆ ತಿಳಿದಿದ್ದೆ.

ಕೃತ್ಯ ಮಾಡಿದ್ದು ಹೌದು, ಆದರೆ ಆಗ ಮನಸ್ಸು ಸ್ವಸ್ಥವಾಗಿರಲಿಲ್ಲ ಎಂದು ತೀರ್ಪಾಯಿತು. ಮೇಷ್ಟ್ರನ್ನು ಸೆರೆಮನೆಯ ಬದಲು ಆಸ್ಪತ್ರೆಯ ಕಾವಲಿನಲ್ಲಿ ಇಟ್ಟರು. ಚಿಕಿತ್ಸೆಯನ್ನು ಬೇರೆ ಡಾಕ್ಟರಿಗೆ ವಹಿಸಿದೆವು. ಪರೀಕ್ಷಿಸಿದವರೇ ಮದ್ದು ಕೊಡಬಾರದು ಎಂಬುದು ರಾಯರ ಕಟ್ಟಪ್ಪಣೆ. ಮಾತ್ರೆಗಳು ನಿಧಾನವಾಗಿ ಹಿಡಿದವು. ಕರ್ಪೂರದ ವಾಸನೆ ಹೋಯಿತು. ಕೆಲವು ತಿಂಗಳ ಮೇಲೆ ಪರಿಶೀಲನೆಗೆಂದು ಹೋದಾಗ ಮೇಷ್ಟ್ರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಊಟ ಬಿಟ್ಟಿದ್ದರು.

"ನೀವೆಲ್ಲ ಮಾತ್ರೆ ಕೊಡೋಕೆ ಮುಂಚೆ ನಾನು ಒಬ್ಬ ಶತ್ರುವನ್ನ ಕೊಂದಿದ್ದೆ ಮೇಡಂ. ಈಗ ಶೇಷಾದ್ರಿನ ಕೊಂದಿದ್ದೀನಿ."

ಗುಣವಾಗುವುದು ಎಂದರೆ ಇದು. ಯಾವ ಅರ್ಜಿಯಲ್ಲೂ ಇದನ್ನು ಯಾರೂ ಬರೆದಿದ್ದನ್ನು ನಾನು ಕಂಡಿಲ್ಲ. ಅವರ ಮೇಲೆ ಕಣ್ಣಿಟ್ಟಿರಿ ಎಂದು ವಾರ್ಡಿನವರಿಗೆ ಹೇಳಿ ಬಂದೆ. ವಾರ್ಡಿನವರು ಅವರನ್ನು ಬಹಳ ಕಾಲ ಒಂಟಿಯಾಗಿ ಬಿಡಲಿಲ್ಲ. ವಸುಧ ಪ್ರತಿ ಶನಿವಾರ ಬರುತ್ತಿದ್ದಳು. ಮೊದಮೊದಲು ಮೇಷ್ಟ್ರು ಅವಳೊಂದಿಗೆ ಮಾತಾಡುತ್ತಿರಲಿಲ್ಲ. ಅವಳು ತಂದ ಚಿತ್ರಾನ್ನ ಮುಚ್ಚಿದ ಡಬ್ಬಿಯಲ್ಲೇ ವಾಪಸ್ಸು ಹೋಗುತ್ತಿತ್ತು. ಆಮೇಲೆ ಒಂದು ಶನಿವಾರ ತಿಂದರು.

ಹಲವು ವರ್ಷಗಳ ನಂತರ ಅವರನ್ನು ಬಿಡಬಹುದೇ ಎಂಬ ಪ್ರಶ್ನೆ ಕೋರ್ಟಿನ ಮುಂದೆ ಬಂತು. ನ್ಯಾಯಾಧೀಶರು ಬೇರೆಯವರಾಗಿದ್ದರು.

"ಡಾಕ್ಟ್ರೇ, ಇವರು ಮತ್ತೆ ಹಾಗೆ ಮಾಡಲ್ಲ ಅಂತ ಖಾತ್ರಿ ಕೊಡ್ತೀರಾ?"

"ಖಾತ್ರಿ ಕೊಡೋಕಾಗಲ್ಲ ಸ್ವಾಮಿ. ಮಾತ್ರೆ ನಿಲ್ಲಿಸ್ದೇ ಇದ್ರೆ, ಹತ್ತಿರದವರು ಜೊತೆಗಿದ್ರೆ, ಸಾಧ್ಯತೆ ಕಡಿಮೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ."

ಜೊತೆಗೆ ಯಾರಿರುತ್ತಾರೆ ಎಂದು ಕೇಳಿದಾಗ ವಸುಧ ಎದ್ದು ನಿಂತಳು. ತಾಯಿಯ ಜೊತೆ ಚಾಮರಾಜಪೇಟೆಯಲ್ಲಿ ಮನೆ ಮಾಡಿಕೊಂಡಿದ್ದೇನೆ, ಅಪ್ಪನನ್ನು ಅಲ್ಲಿಗೆ ಕರೆದೊಯ್ಯುತ್ತೇನೆ ಎಂದಳು. ನ್ಯಾಯಾಧೀಶರು ಮೇಷ್ಟ್ರಿಗೆ ಏನಾದರೂ ಹೇಳುವುದಿದೆಯೇ ಎಂದರು.

ಮೇಷ್ಟ್ರು ನಿಂತರು. ತುಂಬಾ ಸಣ್ಣಗಾಗಿದ್ದರು. "ಬಸವನಗುಡಿ ಮನೇಲಿ ಮಹಡಿ ಮೇಲೆ ಶೇಷಾದ್ರಿಯವರ ಹೆಂಡ್ತಿ ಇನ್ನೂ ಇದ್ದಾರೆ ಸ್ವಾಮಿ. ನಾನು ರಸ್ತೇಲಿ ಕಂಡ್ರೆ ಆಕೆಗೆ ಹೇಗಾಗುತ್ತೆ? ನಾನು ಆ ಕಡೆ ಕಾಲಿಡಬಾರ್ದು ಅಂತ ದಯವಿಟ್ಟು ಆರ್ಡರಲ್ಲೇ ಬರೀರಿ."

ಯಾವ ವಕೀಲರೂ ಕೇಳದಿದ್ದ ಷರತ್ತು ಅದು. ನ್ಯಾಯಾಧೀಶರು ಅದನ್ನು ಬರೆಸಿದರು.

ಹೊರಗೆ ಆಟೋ ಕಾಯುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಮಾತ್ರೆಗಳ ಚೀಲವನ್ನು ವಸುಧ ಅಪ್ಪನ ಕೈಯಿಂದ ತೆಗೆದುಕೊಳ್ಳಲು ಹೋದಳು.

"ಅದು ನನ್ನ ಹತ್ರಾನೇ ಇರ್ಲಿ ಕಣಮ್ಮ" ಎಂದು ಮೇಷ್ಟ್ರು ಚೀಲವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಆಟೋ ಹತ್ತಿದರು.